ತಡ ಮಾಡಿದವರು ಯಾರು?

ನಮ್ಮ ಕಡೆ ದೆವ್ವ ಒಳಗೆ ಬಾರದಿರಲಿ ಅಂತ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವ ಓದಿಕೊಂಡು ಹೋಗುತ್ತೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತೆ. ತಾಲ್ಲೂಕು ಕಚೇರಿ ಬಾಗಿಲ ಮೇಲೆ ಹಾಗೆ ಬರೆದಿಲ್ಲ. ಓದು ಬಾರದ ನಮ್ಮ ಹಿರೀಕರಿಗೆ ಅದನ್ನ ಬಾಯಲ್ಲೇ ಹೇಳ್ತಾ ಬಂದಿದ್ದಾರೆ. ಈ ‘ನಾಳೆ’ಗೂ ಒಂದು ಚರಿತ್ರೆ ಇದೆ.

ಸರ್ಕಾರ ನಮ್ಮವರಿಗೆ ತುಂಡು ಭೂಮಿ ಮಂಜೂರು ಮಾಡುವಾಗ ಪರಭಾರೆ ಮಾಡಕೂಡದು ಅನ್ನೋ ಷರತ್ತು ಹಾಕುತ್ತಿತ್ತು. ಕೆಲವಕ್ಕೆ ಇಂತಿಷ್ಟು ವರ್ಷ, ಕೆಲವಕ್ಕೆ ಶಾಶ್ವತ. ಆದರೂ ಮದುವೆ ಸಾಲಕ್ಕೆ, ಬರಗಾಲದ ರಾಗಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಉಳ್ಳವರು ಆ ಭೂಮಿ ನುಂಗಿದರು. ಷರತ್ತು ಸರ್ಕಾರದ್ದು. ಕ್ರಯಪತ್ರ ನೋಂದಾಯಿಸಿದ ಕಚೇರಿ ಸರ್ಕಾರದ್ದು. ಪಹಣಿಯಲ್ಲಿ ಹೆಸರು ಬದಲಾಯಿಸಿದ ಕೈಯೂ ಸರ್ಕಾರದ್ದೇ.

ಇದನ್ನ ಸರಿಮಾಡಲು ದೇವರಾಜ ಅರಸು ಸರ್ಕಾರ 1978ರ ಕಾಯಿದೆ ತಂದಿತು. ಪರಿಶಿಷ್ಟ ಜಾತಿ, ಪಂಗಡಗಳ ಮಂಜೂರಾತಿ ಜಮೀನುಗಳ ಪರಭಾರೆ ನಿಷೇಧಿಸುವ ಇದನ್ನ ಜನ ಪಿ.ಟಿ.ಸಿ.ಎಲ್. ಅಂತಾರೆ. 1979ರ ಜನವರಿ 1ರಿಂದ ಜಾರಿ. ಷರತ್ತು ಮುರಿದ ಪರಭಾರೆ ಹಿಂದೆ ಆಗಿದ್ದರೂ ಅನೂರ್ಜಿತ. ಜಮೀನುದಾರರು ಕೋರ್ಟಿಗೆ ಓಡಿದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನ ಎತ್ತಿಹಿಡಿಯಿತು.

ಗೆಳೆಯರೇ, ಈ ಕಾಯಿದೆಯ 5ನೇ ಕಲಮು ಓದಿ. ಅರ್ಜಿ ಬಂದರೆ, ಯಾರಾದರೂ ಮಾಹಿತಿ ಬರೆದುಕೊಟ್ಟರೆ, ಅಥವಾ ಯಾರೂ ಕೇಳದಿದ್ದರೂ ತಾನೇ ಮುಂದಾಗಿ ವಿಚಾರಣೆ ಮಾಡಿ ಭೂಮಿ ಬಿಡಿಸಿಕೊಡುವ ಅಧಿಕಾರ ಸಹಾಯಕ ಕಮಿಷನರ್‌ಗೆ ಇದೆ. ಮಂಜೂರಾತಿ ದಾಖಲೆ, ಪಹಣಿ ಎರಡೂ ಕಂದಾಯ ಇಲಾಖೆಯ ಬೀರುವಿನಲ್ಲೇ ಇರುವಂಥವು. ಒಂದರ ಪಕ್ಕ ಇನ್ನೊಂದು ಇಟ್ಟು ನೋಡಿದ್ದರೆ ಸಾಕಿತ್ತು. ಅದು ಬಿಟ್ಟು ಕೂಲಿ ಬಿಟ್ಟು ಬಂದವನಿಗೆ ‘ಮಂಜೂರಾತಿ ನಕಲು ತಗೊಂಬಾ’ ಅಂದರು. ನಕಲು ಕೇಳಿದರೆ ‘ಕಡತ ಸಿಗ್ತಿಲ್ಲ’ ಅಂದರು. ಅಕ್ರಮವಾಗಿ ಭೂಮಿ ಕೊಂಡವನಿಗೆ ಕಾಯಿದೆಯಲ್ಲಿ ಸಜೆ ಇದೆ. ಕಡತದ ಮೇಲೆ ಕೂತವನಿಗೆ ಏನೂ ಇಲ್ಲ.

ಕೊನೆಗೆ ತಡವಾದದ್ದರ ಲೆಕ್ಕ ಕೇಳುವ ದಿನ ಬಂತು. ಕೇಳಿದ್ದು ಯಾರನ್ನ? 2017ರ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಕಾಯಿದೆ ಬಂದು ಸುಮಾರು 25 ವರ್ಷ ಕಳೆದ ಮೇಲೆ ಹಾಕಿದ ಅರ್ಜಿ ಊರ್ಜಿತವಲ್ಲ, ‘ಸಮಂಜಸ ಕಾಲ’ದಲ್ಲಿ ಬರಬೇಕಿತ್ತು ಎಂದು ಸುಪ್ರೀಂ ಕೋರ್ಟು ಹೇಳಿತು. ಕಾಯಿದೆಯಲ್ಲಿ ಕಾಲಮಿತಿಯೇ ಇರಲಿಲ್ಲ. ಆಮೇಲೆ ತಡವಾಯಿತೆಂಬ ಒಂದೇ ಕಾರಣಕ್ಕೆ ಎಷ್ಟೋ ಅರ್ಜಿಗಳು ಬಿದ್ದುಹೋದವು. ಹೋರಾಟ ಮಾಡಿದ ಮೇಲೆ 2023ರಲ್ಲಿ, ಕಾಲಮಿತಿ ಇಲ್ಲ ಎಂಬ ತಿದ್ದುಪಡಿ ಬಂತು. 2024ರಲ್ಲಿ ಹೈಕೋರ್ಟು, ಕಾಲಮಿತಿ ಬೇರೆ, ವಿಳಂಬ ಬೇರೆ ಎಂದಿತು.

ಸರ್ಕಾರ ಸುಮ್ಮನೆ ಕೂತರೆ ಅದು ಆಡಳಿತ, ಬಡವ ಅಂಜಿ ಸುಮ್ಮನಿದ್ದರೆ ಅದು ಅಪರಾಧ! ಜಮೀನುದಾರನ ಹೊಲದಲ್ಲೇ ಕೂಲಿ ಮಾಡುವವನು ಅವನ ಮೇಲೇ ಅರ್ಜಿ ಹಾಕಲು ಎಷ್ಟು ವರ್ಷದ ಧೈರ್ಯ ಬೇಕು ಅನ್ನೋದನ್ನ ಯಾವ ಗಡಿಯಾರ ಅಳೆಯುತ್ತೆ?

ಹಳ್ಳಿಯ ಮೇಷ್ಟ್ರುಗಳೇ, ಓದುವ ಹುಡುಗರೇ, ಹಟ್ಟಿಗೆ ಹೋಗಿ ಕೂರಿ. ಗಳಕ್ಕೆ ಸಿಕ್ಕಿಸಿಟ್ಟ ಸಾಗುವಳಿ ಚೀಟಿ ಬಿಚ್ಚಿ ಓದಿ ಹೇಳಿ. ಅರ್ಜಿ ಬರೆದುಕೊಡಿ. ಅರ್ಜಿ ಕೊಟ್ಟ ದಿನವೇ ತಾರೀಖು ಹಾಕಿದ ಮೊಹರು ಒತ್ತಿಸಿಕೊಳ್ಳಿ. ‘ನಾಳೆ ಬಾ’ ಅಂದರೆ ಅದನ್ನೇ ಬರೆದು ಸಹಿ ಮಾಡಿ ಕೊಡಿ ಅನ್ನಿ. ಇಷ್ಟು ದಿನ ನಮ್ಮ ತಡಕ್ಕೆ ಮಾತ್ರ ದಾಖಲೆ ಇತ್ತು. ಇನ್ನು ಅವರ ತಡಕ್ಕೂ ಇರಲಿ.