ಗಜಕರ್ಣ: ಧಾರವಾಡ ಗ್ರಾಮೀಣ ಭಾಗದ ಮಕ್ಕಳಲ್ಲಿ ಗುರುತು ಮತ್ತು ಚಿಕಿತ್ಸೆಯ ಚರಿತ್ರೆ

ಗಜಕರ್ಣ ಅಥವಾ ಹುಳುಕಡ್ಡಿ, ಚರ್ಮ, ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ತಿಂದು ಬದುಕುವ ಶಿಲೀಂಧ್ರಗಳಿಂದ ಬರುವ ಅಂಟುರೋಗ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಸೀಮೆಯ ಸೆಕೆಯಲ್ಲೂ ಕಲಘಟಗಿಯ ಅರೆಮಲೆನಾಡಿನ ಮಳೆಯಲ್ಲೂ ಅದಕ್ಕೆ ಬೇಕಾದ ತೇವ ಸಿಗುತ್ತದೆ. ಮೂರ್ನಾಲ್ಕು ಮಕ್ಕಳು ಒಂದೇ ಕೌದಿ ಹೊದ್ದು ಮಲಗುವ ಮನೆಯಲ್ಲಿ ಒಬ್ಬರಿಗೆ ಬಂದದ್ದು ಉಳಿದವರಿಗೂ ಹತ್ತುತ್ತದೆ. ಕರುವಿನ ಮೈಮೇಲಿನ ಬೂದುಬಣ್ಣದ ಹಕ್ಕಳೆಯಿಂದಲೂ ಮಗುವಿಗೆ ಬರಬಹುದು.

ಆಯುರ್ವೇದದಲ್ಲಿ ಇದು ದದ್ರು. ಚರಕ ಇದನ್ನು ಕ್ಷುದ್ರಕುಷ್ಠಗಳ, ಅಂದರೆ ಸಣ್ಣ ಚರ್ಮರೋಗಗಳ, ಸಾಲಿಗೆ ಸೇರಿಸಿದರೆ ಸುಶ್ರುತ ಮಹಾಕುಷ್ಠಗಳಲ್ಲಿ, ಅಂದರೆ ದೊಡ್ಡವುಗಳಲ್ಲಿ, ಎಣಿಸುತ್ತಾನೆ. ಮಳೆ ಬಿದ್ದೊಡನೆ ಬದುವಿನ ಮೇಲೆ ಏಳುವ ತಗಚೆ ಗಿಡಕ್ಕೆ ಸಂಸ್ಕೃತದಲ್ಲಿ ದದ್ರುಘ್ನ, ಅಂದರೆ ದದ್ರುವನ್ನು ಕೊಲ್ಲುವಂಥದು, ಎಂಬ ಹೆಸರೂ ಉಂಟು. ಇದು ಬರೀ ನಂಬಿಕೆಯಲ್ಲ. ತಗಚೆ ಬೀಜದಲ್ಲಿರುವ ಕ್ರೈಸೊಫ್ಯಾನಿಕ್ ಆಮ್ಲದ ಹತ್ತಿರದ ಬಂಧುವೇ 19ನೆಯ ಶತಮಾನದಲ್ಲಿ ಮುಂಬಯಿ ಪ್ರಾಂತದಲ್ಲಿ ಮಾರಾಟವಾಗುತ್ತಿದ್ದ ‘ಗೋವಾ ಪುಡಿ’ಯ ಸತ್ವ. ಪೋರ್ಚುಗೀಸರು ಬ್ರೆಜಿಲ್‌ನ ಮರವೊಂದರಿಂದ ತರುತ್ತಿದ್ದ ಈ ಪುಡಿ ಗಜಕರ್ಣವನ್ನು ಇಳಿಸುತ್ತಿತ್ತು; ಜೊತೆಗೆ ಚರ್ಮವನ್ನು ಉರಿಸಿ, ಬಟ್ಟೆಗೆ ಕಲೆ ಹತ್ತಿಸುತ್ತಿತ್ತು.

ರೋಗದ ಮೂಲ ಪತ್ತೆಯಾದದ್ದು ಯುರೋಪಿನಲ್ಲಿ. 1837ರಲ್ಲಿ ರಾಬರ್ಟ್ ರೆಮಾಕ್ ರೋಗಿಯ ತಲೆಯ ಹಕ್ಕಳೆಯಲ್ಲಿ ಎಳೆಗಳನ್ನು ಕಂಡ. 1840ರ ದಶಕದಲ್ಲಿ ಪ್ಯಾರಿಸ್ಸಿನ ಡೇವಿಡ್ ಗ್ರೂಬಿ ಅವು ಶಿಲೀಂಧ್ರಗಳೆಂದೂ ರೋಗ ತರುವುದು ಅವೇ ಎಂದೂ ತೋರಿಸಿದ. 1907ರಲ್ಲಿ ಆರ್ಥರ್ ವಿಟ್‌ಫೀಲ್ಡ್ ಶೇ. 6 ಬೆಂಜೊಯಿಕ್, ಶೇ. 3 ಸ್ಯಾಲಿಸಿಲಿಕ್ ಆಮ್ಲದ ಮುಲಾಮು ಕೊಟ್ಟ. ಅಗ್ಗದ ಈ ಮುಲಾಮು ಸರಕಾರಿ ದವಾಖಾನೆಗಳಲ್ಲಿ ಬಹುಕಾಲ ಬಾಳಿತು. ತಲೆಗೆ ಮಾತ್ರ ಮುಲಾಮು ಸಾಲದು, ಕೂದಲ ಬುಡದೊಳಗೆ ಅದು ಇಳಿಯುವುದಿಲ್ಲ. ಅದಕ್ಕೆಂದೇ ಹೊರದೇಶಗಳಲ್ಲಿ ಮಕ್ಕಳ ತಲೆಗೆ ಕ್ಷಕಿರಣ ಹಾಯಿಸಿ ಕೂದಲು ಉದುರಿಸುತ್ತಿದ್ದರು. ಇಸ್ರೇಲಿನಲ್ಲಿ ಹಾಗೆ ಚಿಕಿತ್ಸೆ ಪಡೆದವರಲ್ಲಿ ಮುಂದೆ ಗೆಡ್ಡೆಗಳು ಹೆಚ್ಚಿದವು. 1939ರಲ್ಲೇ ಬೇರ್ಪಡಿಸಿದ್ದ ಗ್ರಿಸಿಯೋಫಲ್ವಿನ್ ಎಂಬ ಶಿಲೀಂಧ್ರನಾಶಕ, ಬಾಯಿಯಿಂದ ಕೊಟ್ಟರೂ ಕೆಲಸ ಮಾಡುತ್ತದೆಂದು 1958ರಲ್ಲಿ ಗೊತ್ತಾದ ಮೇಲೆ ಆ ಕ್ರೂರ ಪದ್ಧತಿ ನಿಂತಿತು. 

ಗುರುತಿಸುವುದು ಕಷ್ಟವಲ್ಲ, ಆದರೆ ನೋಡಬೇಕಾದದ್ದು ಅಂಚನ್ನು. ಉಂಗುರದ ಅಂಚು ಉಬ್ಬಿ, ಸಣ್ಣ ಗುಳ್ಳೆ ಎದ್ದು ಹೊಟ್ಟು ಬಿಡುತ್ತದೆ. ನಡುವಿನ ಚರ್ಮ ತಿಳಿಯಾಗುತ್ತ ಬರುತ್ತದೆ. ಕಪ್ಪು ಮೈಬಣ್ಣದ ಮಗುವಿನಲ್ಲಿ ಅಂಚು ಕೆಂಪಾಗಿರದೆ ಕಂದುಬಣ್ಣವಾಗಿ ಕಾಣಬಹುದು. ಉಡದಾರದ ಕೆಳಗೆ ಬೆವರು ನಿಲ್ಲುವ ಜಾಗವನ್ನು ಬಿಚ್ಚಿ ನೋಡಬೇಕು. ಅಲ್ಲಿ ರೋಗ ಸೊಂಟದ ಸುತ್ತ ಪಟ್ಟಿಯಂತೆ ಹಬ್ಬಿರುತ್ತದೆ. ತಲೆಯಲ್ಲಾದರೆ ಬೋಳು ಮಚ್ಚೆಯೊಳಗೆ ಬುಡದಲ್ಲೇ ಮುರಿದ ಕೂದಲು ಕರಿಚುಕ್ಕೆಗಳಾಗಿ ಉಳಿಯುತ್ತದೆ. ಕೆಲವೊಮ್ಮೆ ಕೀವು ತುಂಬಿ ಮೆತ್ತಗೆ ಊದುತ್ತದೆ. ಅದನ್ನು ಕುರು ಎಂದುಕೊಂಡು ಕೊಯ್ಯುವುದು ತಪ್ಪು.

ಗಲ್ಲದ ಮೇಲಿನ ಮಾಸಲು ಬಿಳಿಮಚ್ಚೆ ಕಂಡೊಡನೆ ‘ಹೊಟ್ಟ್ಯಾಗ ಹುಳಾ ಆಗ್ಯಾವ’ ಎನ್ನುವುದು ಈ ಭಾಗದ ವಾಡಿಕೆ. ಅದು ಬಹುತೇಕ ಒಣಚರ್ಮದ ತೊಂದರೆ. ಗಜಕರ್ಣವೂ ಅಲ್ಲ, ಜಂತುಹುಳದ ಗುರುತೂ ಅಲ್ಲ. ಅನುಮಾನವಿದ್ದರೆ ಅಂಚಿನ ಹೊಟ್ಟನ್ನು ಕೆರೆದು, ಗಾಜಿನ ಪಟ್ಟಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕವಲೊಡೆದ ಎಳೆಗಳು ಕಾಣುತ್ತವೆ. ಈ ಸರಳ ಪರೀಕ್ಷೆ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಇನ್ನೂ ಹತ್ತಿರವಾಗಬೇಕಿತ್ತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಶಾಲೆ, ಅಂಗನವಾಡಿಗಳ ತಪಾಸಣೆಯಲ್ಲಿ ಚರ್ಮರೋಗವನ್ನೂ ಸೇರಿಸಿದೆ.

ಈಚಿನ ಅಧ್ಯಾಯ ಅಷ್ಟು ಒಳ್ಳೆಯದಲ್ಲ. ಸ್ಟೀರಾಯ್ಡ್, ಆ್ಯಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಕ್ರೀಮುಗಳು ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗತೊಡಗಿದವು. ಹಚ್ಚಿದ ಎರಡು ದಿನಕ್ಕೆ ತುರಿಕೆ ನಿಲ್ಲುವುದರಿಂದ ಜನ ಅವನ್ನೇ ನಂಬಿದರು. ಸ್ಟೀರಾಯ್ಡ್ ಉರಿಯೂತವನ್ನಷ್ಟೇ ಅಡಗಿಸುತ್ತದೆ. ಬಿಟ್ಟೊಡನೆ ಉಂಗುರದೊಳಗೆ ಉಂಗುರ ಎದ್ದು ರೋಗ ದೊಡ್ಡದಾಗುತ್ತದೆ, ಮಗುವಿನ ಚರ್ಮ ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಸರಕಾರ ಹಚ್ಚುವ ಸ್ಟೀರಾಯ್ಡ್‌ಗಳನ್ನು ಚೀಟಿ ಇಲ್ಲದೆ ಮಾರದಂತೆ ಮಾಡಿತು. 2020ರಲ್ಲಿ ಜಪಾನಿನ ಸಂಶೋಧಕರು ಭಾರತ, ನೇಪಾಳ ಮೂಲದ ರೋಗಿಗಳಿಂದ ಬೇರ್ಪಡಿಸಿದ ಶಿಲೀಂಧ್ರವನ್ನು ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಪ್ರಭೇದವಾಗಿ ಹೆಸರಿಸಿದರು. ಟರ್ಬಿನಾಫಿನ್ ಎಂಬ ಶಿಲೀಂಧ್ರನಾಶಕಕ್ಕೆ ಅದು ಹಲವು ವೇಳೆ ಜಗ್ಗುವುದಿಲ್ಲ.

ಮೈಮೇಲಿನ ಸಣ್ಣ ಮಚ್ಚೆಗೆ ಈಗಲೂ ಕ್ಲೋಟ್ರಿಮಜೋಲ್‌ನಂಥ ಬರೀ ಶಿಲೀಂಧ್ರನಾಶಕ ಕ್ರೀಮೇ ಮೊದಲ ಮದ್ದು. ದಿನಕ್ಕೆರಡು ಸಲ, ಅಂಚಿನಿಂದ ಒಂದು ಬೆರಳಗಲ ಆಚೆಗೂ ಹಚ್ಚಿ, ಮಾಸಿದ ಮೇಲೂ ಎರಡು ವಾರ ಮುಂದುವರಿಸಬೇಕು. ತಲೆಗೆ ಬಂದರೆ ವೈದ್ಯರು ತೂಕ ನೋಡಿ ಕೊಡುವ ಗುಳಿಗೆಯೇ ಬೇಕು, ಅದೂ ವಾರಗಟ್ಟಲೆ. ಮನೆಯವರೆಲ್ಲರನ್ನೂ ಒಟ್ಟಿಗೆ ಪರೀಕ್ಷಿಸಿ, ಬಟ್ಟೆ ಕೌದಿಗಳನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಆಸ್ಪತ್ರೆಗೆ ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನು, ಖಾಲಿಯಾಗಿದ್ದರೂ ಸರಿ, ಜೊತೆಗೊಯ್ಯಿರಿ. ಯಾವ ಮದ್ದು ಕೊಡಬೇಕೆಂಬುದನ್ನು ವೈದ್ಯರು ಅವನ್ನು ನೋಡಿಯೇ ನಿರ್ಧರಿಸಬೇಕಾಗುತ್ತದೆ.