ಫೋನಿನ ಆಚೆ ಬದಿಯ ಸರ್ಕಾರ

1965ರ ನವೆಂಬರ್ 8ರಂದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಉನ್ನತ ಶಿಕ್ಷಣ ಕಾಯ್ದೆಗೆ ಸಹಿ ಹಾಕಲು ಟೆಕ್ಸಾಸಿನ ಸ್ಯಾನ್ ಮಾರ್ಕೋಸಿಗೆ ಹೋದರು. ಅಲ್ಲಿನ ಕಾಲೇಜಿನಲ್ಲೇ ಅವರು ನೆಲ ಗುಡಿಸಿ, ಸಣ್ಣಪುಟ್ಟ ಕೆಲಸ ಮಾಡಿ ಓದಿದ್ದು. ಇಲ್ಲದವರ ಮಕ್ಕಳಿಗೆ ಬ್ಯಾಂಕು ಸಾಲ ಕೊಡಲಿ, ಅವರು ತೀರಿಸದಿದ್ದರೆ ಸರ್ಕಾರ ಹೊಣೆ ಹೊರುತ್ತದೆ ಎನ್ನುವುದು ಆ ಕಾಯ್ದೆಯ ಒಂದು ಭಾಗ. ತೀರಿಸದವರ ಬಾಗಿಲಿಗೆ ಹೋಗಿ ಕೇಳುವವರು ಯಾರು ಎಂಬುದು ಆ ದಿನದ ಸಂಭ್ರಮದಲ್ಲಿ ದೊಡ್ಡ ಪ್ರಶ್ನೆಯಾಗಿ ಕಂಡಿರಲಾರದು.

ಮುಂದೆ ಹಿಡಿತ ಬಿಗಿಯಾಗುತ್ತಲೇ ಹೋಯಿತು. ದಿವಾಳಿಯಾದರೂ ಮೊದಲ ಐದು ವರ್ಷ ಈ ಸಾಲದಿಂದ ಬಿಡುಗಡೆಯಿಲ್ಲ ಎಂದಿತು 1976ರ ಕಾನೂನು. 1990ರಲ್ಲಿ ಐದು ಏಳಾಯಿತು. 1998ರಲ್ಲಿ ಆ ಗಡುವೂ ಹೋಯಿತು. ತೀರಿಸಲು ಸಾಧ್ಯವೇ ಇಲ್ಲವೆಂದು ನ್ಯಾಯಾಲಯವನ್ನು ಒಪ್ಪಿಸಿದವರಿಗಷ್ಟೇ ದಾರಿ. ನ್ಯಾಯಾಧೀಶರ ಆದೇಶವಿಲ್ಲದೆಯೇ ಸಂಬಳದಲ್ಲಿ ಶೇ. 15ರವರೆಗೆ ಮುರಿದುಕೊಳ್ಳುವ ಅಧಿಕಾರವೂ ಸರ್ಕಾರಕ್ಕಿತ್ತು. ಇಷ್ಟೆಲ್ಲ ಬಲವಿದ್ದ ಶಿಕ್ಷಣ ಇಲಾಖೆ, ಸಾಲಗಾರನ ಜೊತೆ ಮಾತಾಡುವ ಕೆಲಸವನ್ನು ಮಾತ್ರ ಕಮಿಷನ್ ಮೇಲೆ ಖಾಸಗಿ ಏಜೆನ್ಸಿಗಳಿಗೆ ಬಿಟ್ಟುಕೊಟ್ಟಿತು.

ಆ ಮಾತಿನಲ್ಲೇ ಇತ್ತು ಎಲ್ಲ. ಸುಸ್ತಿದಾರನಿಗೆ ಕಾನೂನು ತೆರೆದಿಟ್ಟಿದ್ದ ಒಂದು ಬಾಗಿಲಿನ ಹೆಸರು 'ಪುನರ್ವಸತಿ'. (ನಮಗೆ ಅಣೆಕಟ್ಟಿನಲ್ಲಿ ಮುಳುಗಿದ ಊರುಗಳನ್ನು ನೆನಪಿಸುವ ಪದ.) ಹತ್ತು ತಿಂಗಳಲ್ಲಿ ಒಂಬತ್ತು ಕಂತು ಕಟ್ಟಿದರೆ ಸುಸ್ತಿಯ ಕಳಂಕ ಅಳಿಯುತ್ತದೆ. ಅದಕ್ಕೂ ಮುಂಚಿನ ತಡಪಾವತಿಗಳ ದಾಖಲೆ ಮಾತ್ರ ಉಳಿಯುತ್ತದೆ. 2008ರ ನಂತರ ಈ ಅವಕಾಶ ಒಂದು ಸಾಲಕ್ಕೆ ಒಂದೇ ಸಲ ಎಂದಾಯಿತು. ಇದನ್ನೆಲ್ಲ ಸಾಲಗಾರ ತಿಳಿದುಕೊಳ್ಳಬೇಕಾದದ್ದು ಫೋನಿನಲ್ಲಿ, ಅದೂ ತನ್ನ ಒಪ್ಪಿಗೆಯಿಂದ ಕಮಿಷನ್ ಗಳಿಸುವವನ ಬಾಯಿಂದ! ಕಂತು ಅವನ ಕೈಗೆಟುಕುವಂತಿರಬೇಕು ಎಂದು ಕಾನೂನು ಹೇಳಿತ್ತು. ಕೈಗೆಟುಕುವುದು ಎಂದರೆ ಎಷ್ಟು? ಆದಾಯಕ್ಕೆ ತಕ್ಕ ಲೆಕ್ಕದ ಸೂತ್ರ, ಕನಿಷ್ಠ ಕಂತು 5 ಡಾಲರ್ ಎಂಬುದರ ಸಮೇತ, ಜಾರಿಗೆ ಬಂದದ್ದು 2014ರ ಜುಲೈನಲ್ಲಿ.

ಹಾಗಾದರೆ ಇಲಾಖೆ ಕಣ್ಣು ಮುಚ್ಚಿತ್ತೇ? ಇಲ್ಲ, ಅದೇ ವಿಚಿತ್ರ. ಏಜೆನ್ಸಿಗಳಿಗೆ ಅಂಕ ಕೊಡುವ ಪದ್ಧತಿಯೇ ಇತ್ತು, ಅದರ ಹೆಸರಿನಲ್ಲಿ 'ನಿರಂತರ ನಿಗಾ' ಎಂಬ ಮಾತೂ ಇತ್ತು. ಆದರೆ ಅಂಕ ಬೀಳುತ್ತಿದ್ದದ್ದು ಮುಖ್ಯವಾಗಿ ವಸೂಲಾದ ಹಣಕ್ಕೆ. ಹೆಚ್ಚು ಅಂಕ ಗಳಿಸಿದವರಿಗೆ ಹೆಚ್ಚು ಕಡತಗಳು. ರೆಕಾರ್ಡ್ ಆದ ಕರೆಗಳನ್ನು ಅಧಿಕಾರಿಗಳು ಕೇಳುತ್ತಿದ್ದರು, ತಪ್ಪು ಮಾಹಿತಿ ಕಿವಿಗೆ ಬಿದ್ದರೆ ಬರೆದಿಡುತ್ತಲೂ ಇದ್ದರು. 2014ರ ಮಾರ್ಚಿನಲ್ಲಿ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಬೆರಳು ತೋರಿಸಿದ್ದು ಇಲ್ಲಿಗೇ: ಕೇಳಿಸಿಕೊಂಡದ್ದನ್ನು ಏಜೆನ್ಸಿಗೆ ತಪ್ಪದೆ ತಿಳಿಸುತ್ತಿಲ್ಲ, ಅದು ತಿದ್ದಿಕೊಂಡಿತೇ ಎಂದು ನೋಡುತ್ತಿಲ್ಲ, ಅಂಕಕ್ಕೆ ಅದನ್ನು ಸೇರಿಸುತ್ತಲೂ ಇಲ್ಲ. ಕಿವಿ ಇತ್ತು, ಆ ಕಿವಿಗೂ ಅಂಕ ಕೊಡುವ ಕೈಗೂ ಸಂಬಂಧವಿರಲಿಲ್ಲ.

ಮರುವರ್ಷ ಫೆಬ್ರವರಿಯಲ್ಲಿ ಐದು ಏಜೆನ್ಸಿಗಳ ಕೆಲಸ ಮುಗಿಸುವುದಾಗಿ ಇಲಾಖೆ ಪ್ರಕಟಿಸಿತು. ಪುನರ್ವಸತಿಯಿಂದ ಕ್ರೆಡಿಟ್ ದಾಖಲೆಗೆ ಆಗುವ ಲಾಭ, ವಸೂಲಿ ಶುಲ್ಕದ ಮನ್ನಾ—ಈ ಎರಡರ ಬಗ್ಗೆ ಅವು ಸಾಲಗಾರರಿಗೆ ತಪ್ಪು ಹೇಳಿದ್ದವು ಎಂಬುದು ಕಾರಣ. ಏಜೆನ್ಸಿಗಳು ನ್ಯಾಯಾಲಯಕ್ಕೆ ಹೋದವು. ಕೆಳ ನ್ಯಾಯಾಲಯ ವಿಚಾರಣೆ ತನ್ನ ವ್ಯಾಪ್ತಿಗೆ ಬರದು ಎಂದಿತ್ತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಬರುತ್ತದೆ ಎಂದಿತು. ಏಜೆನ್ಸಿಗಳ ಅಹವಾಲಿಗೆ ಹೀಗೆ ಎರಡು ಮೆಟ್ಟಿಲಾದರೂ ಸಿಕ್ಕವು. ಆ ಕರೆ ನಂಬಿ ತನಗಿದ್ದ ಒಂದೇ ಅವಕಾಶವನ್ನು ಖರ್ಚು ಮಾಡಿದವನು ಯಾವ ಮೆಟ್ಟಿಲು ಹತ್ತಬೇಕಿತ್ತೋ!

ಕೋವಿಡ್ ಬಂದಾಗ, 2020ರ ಮಾರ್ಚಿನಲ್ಲಿ, ವಸೂಲಿ ನಿಂತಿತು. 2021ರಲ್ಲಿ ಇಲಾಖೆ ಏಜೆನ್ಸಿಗಳಿಂದ ಕಡತಗಳನ್ನು ವಾಪಸ್ಸು ಪಡೆಯಿತು. 2025ರ ಮೇ 5ರಂದು ಬಲವಂತದ ವಸೂಲಿ ಮತ್ತೆ ಶುರುವಾದಾಗ ಮೊದಲ ಸರದಿ ಖಜಾನೆಯದು: ಸಾಲಗಾರನಿಗೆ ಹಿಂದಿರುಗಬೇಕಿದ್ದ ತೆರಿಗೆ ಹಣವನ್ನು ಅದು ನೇರವಾಗಿ ಸಾಲಕ್ಕೆ ಮುರಿದುಕೊಳ್ಳತೊಡಗಿತು. ಅದಕ್ಕೆ ಫೋನ್ ಮಾಡಬೇಕಾಗಿಲ್ಲ.