ಹತ್ತಲಾಗದ ದಡ: ಕೃಷಿ ಹೊಂಡಗಳಲ್ಲಿ ಮಕ್ಕಳ ನೀರಾಟ ಮತ್ತು ಅವಘಡ ತಡೆ

ಬೇಸಿಗೆ ರಜೆಯಲ್ಲಿ ಹಳ್ಳಿಯ ಮಕ್ಕಳು ನೀರಿಗಿಳಿಯುವುದು ಹೊಸದೇನಲ್ಲ. ಅವರಲ್ಲಿ ಯಾರಾದರೂ ಮುಳುಗಿ ಸತ್ತಾಗ ವರದಿಗಳು ಹೇಳುವ ಕಾರಣವೂ ಹೆಚ್ಚುಕಡಿಮೆ ಒಂದೇ: ಈಜಲು ಹೋಗಿದ್ದರು, ಈಜು ಬಾರದೆ ಮುಳುಗಿದರು. ಸಾವಿನ ಹೊಣೆಯನ್ನು ಸತ್ತ ಮಗುವಿನ ಮೇಲೆಯೇ ಹೊರಿಸುವ ಈ ವಿವರಣೆಯನ್ನು ಪ್ರಸ್ತುತ ಲೇಖನ ಪ್ರಶ್ನಿಸುತ್ತದೆ. ಕರ್ನಾಟಕದ ಮಳೆಯಾಶ್ರಿತ ಪ್ರದೇಶಗಳಲ್ಲಿ ಈಚೆಗೆ ಹೆಚ್ಚಿರುವ ಒಂದು ಬಗೆಯ ಜಲಾಶ್ರಯದಲ್ಲಿ, ಅಂದರೆ ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡದಲ್ಲಿ, ಅಪಾಯ ಇರುವುದು ದಡದ ರಚನೆಯಲ್ಲಿ. ತಡೆಯ ಕೆಲಸವೂ ಅಲ್ಲಿಂದಲೇ ಶುರುವಾಗಬೇಕು.

ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ 2014-15ರಲ್ಲಿ ಆರಂಭವಾಯಿತು. ಓಡಿಹೋಗುವ ಮಳೆನೀರನ್ನು ಇಂಥ ಹೊಂಡಗಳಲ್ಲಿ ಹಿಡಿದಿಟ್ಟು, ಬೆಳೆ ಒಣಗುವ ಹೊತ್ತಿಗೆ ಒಂದೆರಡು ಸಲ ಹಾಯಿಸುವುದು ಅದರ ಉದ್ದೇಶ. ರಾಗಿ, ತೊಗರಿ, ಶೇಂಗಾ ಬೆಳೆಯುವ ಎಷ್ಟೋ ರೈತರಿಗೆ ಅದರಿಂದ ಅನುಕೂಲವಾಗಿದೆ. ಹೊಂಡವೇ ಬೇಡವೆಂಬ ವಾದ ಇಲ್ಲಿಯದಲ್ಲ. ಹೊಂಡದ ಸಾಮಾನ್ಯ ಅಳತೆಗಳಲ್ಲಿ ಚಿಕ್ಕದು ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಮೂರು ಮೀಟರ್ ಆಳ. ಬದಿಗಳನ್ನು 1:1 ಇಳಿಜಾರಿನಲ್ಲಿ ಅಗೆದರೆ ಅದರಲ್ಲಿ ಸುಮಾರು 1.56 ಲಕ್ಷ ಲೀಟರ್ ನೀರು ನಿಲ್ಲುತ್ತದೆ. ನೀರು ಇಂಗದಂತೆ ಒಳಮೈಗೆಲ್ಲ ಪಾಲಿಥೀನ್ ಹೊದಿಕೆ ಹಾಸುತ್ತಾರೆ.

ಇದೇ ಲೆಕ್ಕವನ್ನು ಈಗ ಮಗುವಿನ ಕಡೆಯಿಂದ ನೋಡಬೇಕು. 1:1 ಇಳಿಜಾರು ಎಂದರೆ 45 ಡಿಗ್ರಿ. ಕೆರೆಯಲ್ಲಿರುವಂತೆ ಮೊಣಕಾಲುದ್ದದ ನೀರಿನ ಅಂಚು ಇಲ್ಲಿ ಇಲ್ಲವೇ ಇಲ್ಲ. ತುಂಬಿದ ಹೊಂಡದಲ್ಲಿ ದಡದಿಂದ ಒಂದೂವರೆ ಮೀಟರ್ ಒಳಗೆ ಹೋದರೆ ಆಳವೂ ಒಂದೂವರೆ ಮೀಟರ್. ಅಂಥ ಇಳಿಜಾರಿನ ಮೇಲೆ ಜಾರದೆ ನಿಲ್ಲಬೇಕಾದರೆ ಕಾಲಿಗೂ ನೆಲಕ್ಕೂ ನಡುವಿನ ಘರ್ಷಣಾಂಕ 1ಕ್ಕಿಂತ ಕಡಿಮೆ ಇರಬಾರದು. ಪಾಚಿ ಹಿಡಿದ ಒದ್ದೆ ಪ್ಲಾಸ್ಟಿಕ್ ಮೇಲೆ ಬರಿಗಾಲಿಗೆ ಅಷ್ಟು ಹಿಡಿತ ಎಲ್ಲಿಂದ ಬರಬೇಕು? ಇಳಿಜಾರನ್ನು 1.5:1ಕ್ಕೆ ತಗ್ಗಿಸಿದರೂ 0.67ರಷ್ಟು ಬೇಕು. ಹಿಡಿದುಕೊಳ್ಳಲು ಹುಲ್ಲಿಲ್ಲ, ಬೇರಿಲ್ಲ, ಕಲ್ಲಿಲ್ಲ. ಚೆನ್ನಾಗಿ ಈಜುವ ಹುಡುಗನೂ ದಡ ಮುಟ್ಟಿ, ಜಾರಿ, ಮತ್ತೆ ಮುಟ್ಟಿ, ಕೊನೆಗೆ ಸೋತು ಮುಳುಗುವುದು ಹೀಗೆ.

ನೀರು ಅರ್ಧ ಇಳಿದ ಹೊಂಡ ನೋಡುವವರಿಗೆ ಸುರಕ್ಷಿತವೆನಿಸುತ್ತದೆ. ವಾಸ್ತವ ತಿರುಗುಮುರುಗು. ತುಂಬಿದ ಹೊಂಡದಲ್ಲಿ ದಂಡೆಯ ಮಣ್ಣಾದರೂ ಕೈಗೆ ಸಿಕ್ಕೀತು. ಅರ್ಧ ಖಾಲಿಯಾದ ಹೊಂಡದಲ್ಲಿ ಎರಡು ಮೀಟರಿಗಿಂತ ಹೆಚ್ಚು ಉದ್ದದ ಬರೀ ಪ್ಲಾಸ್ಟಿಕ್ ಹತ್ತಿ ಬರಬೇಕು. ಒಬ್ಬ ಜಾರಿದಾಗ ಕೈಕೊಡಲು ಹೋದ ಅಣ್ಣನೋ ಗೆಳೆಯನೋ ಅದೇ ಇಳಿಜಾರಿನಲ್ಲಿ ಜಾರುತ್ತಾನೆ. ಒಂದೇ ಹೊಂಡದಲ್ಲಿ ಇಬ್ಬರು ಮೂವರು ಸಾಯುವುದರ ಹಿಂದಿರುವುದು ಈ ಸರಳ ಭೌತಶಾಸ್ತ್ರ.

ಸಮಸ್ಯೆಯ ಗಾತ್ರ ಎಷ್ಟೆಂದು ಸರ್ಕಾರಿ ಅಂಕಿಅಂಶಗಳಿಂದ ತಿಳಿಯುವುದು ಕಷ್ಟ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿಯಂತೆ 2022ರಲ್ಲಿ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38,503 ಮಂದಿ. ಆದರೆ ವರದಿಯ ಉಪಶೀರ್ಷಿಕೆಗಳು ದೋಣಿ ಮಗುಚಿದ್ದು, ಆಕಸ್ಮಿಕವಾಗಿ ನೀರಿಗೆ ಬಿದ್ದದ್ದು, ಇತರೆ ಎಂಬಷ್ಟಕ್ಕೇ ನಿಲ್ಲುತ್ತವೆ. ಕೆರೆಯೋ ಕಾಲುವೆಯೋ ಕಲ್ಲು ಕ್ವಾರಿಯೋ ಕೃಷಿ ಹೊಂಡವೋ ಎಂಬುದು ಅಲ್ಲಿ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಮುಳುಗಿ ಸತ್ತವರು ಸುಮಾರು ಮೂರು ಲಕ್ಷ. ಅವರಲ್ಲಿ ನೂರಕ್ಕೆ 43 ಮಂದಿ 15 ವರ್ಷದೊಳಗಿನವರು.

ಪರಿಹಾರದ ಪ್ರಶ್ನೆ ಬಂದಾಗ ಹೆಚ್ಚು ಉಲ್ಲೇಖಗೊಳ್ಳುವುದು ಬಾಂಗ್ಲಾದೇಶದ ಅನುಭವ. ಅಲ್ಲಿ 2006ರಿಂದ 2010ರವರೆಗೆ ನಡೆದ ಪ್ರಯೋಗದಲ್ಲಿ ಪುಟ್ಟ ಮಕ್ಕಳನ್ನು ತಾಯಂದಿರ ಕೆಲಸದ ಹೊತ್ತಿನಲ್ಲಿ ‘ಆಂಚಲ್’ ಎಂಬ ಊರೊಳಗಿನ ಶಿಶುಪಾಲನಾ ಕೇಂದ್ರಗಳಲ್ಲಿ ಇರಿಸಿಕೊಳ್ಳಲಾಯಿತು. ನಾಲ್ಕು ದಾಟಿದ ಮಕ್ಕಳಿಗೆ ಊರಿನ ಕೊಳಗಳಲ್ಲೇ ಈಜು ಕಲಿಸಲಾಯಿತು. ಮುಳುಗಿ ಸಾಯುವ ಸಂಭವ ಮೊದಲ ಗುಂಪಿನಲ್ಲಿ ಶೇ 80ಕ್ಕಿಂತ, ಎರಡನೆಯದರಲ್ಲಿ ಶೇ 90ಕ್ಕಿಂತ ಹೆಚ್ಚು ಇಳಿಯಿತು. ಮೊದಲ ಪಾಠವನ್ನು ನಾವು ಹಾಗೆಯೇ ಸ್ವೀಕರಿಸಬಹುದು. ನಮ್ಮ ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ಗಳು ದುಡಿಯುವ ತಾಯಂದಿರ ಅನುಕೂಲಕ್ಕೆ ಹುಟ್ಟಿದವು; ಅವು ನೀರಿನ ಅವಘಡ ತಡೆಯುವ ಕೇಂದ್ರಗಳೂ ಹೌದೆಂದು ಗುರುತಿಸಿದರೆ ಅವುಗಳ ಬಾಗಿಲು ತೆರೆದಿರುವ ವೇಳೆಯ ಬಗ್ಗೆ ಇನ್ನಷ್ಟು ಕಟ್ಟುನಿಟ್ಟು ಬಂದೀತು.

ಎರಡನೆಯ ಪಾಠದ ವಿಷಯದಲ್ಲಿ ಎಚ್ಚರ ಬೇಕು. ಆ ತರಬೇತಿಯ ಗುರಿ 25 ಮೀಟರ್ ಈಜುವುದು, 30 ಸೆಕೆಂಡ್ ತೇಲುವುದು. ಮಣ್ಣಿನ ದಡವಿರುವ ಕೊಳದಲ್ಲಿ ಅಷ್ಟು ಸಾಕು. ಈಜಿದವನು ದಡ ಹತ್ತುತ್ತಾನೆ. ನಮ್ಮಲ್ಲೂ ಸೊಂಟಕ್ಕೆ ಹಗ್ಗ ಬಿಗಿದು, ಒಣಗಿದ ಸೋರೆ ಬುರುಡೆಯನ್ನೋ ಬೆಂಡನ್ನೋ ಕಟ್ಟಿ ಬಾವಿಯಲ್ಲಿ ಈಜು ಕಲಿಸುವ ರೂಢಿ ಇತ್ತು, ದಡದಲ್ಲಿ ದೊಡ್ಡವರೊಬ್ಬರು ಹಗ್ಗ ಹಿಡಿದಿರುತ್ತಿದ್ದರು. ಅದು ಮರಳಿ ಬರಲಿ. ಆದರೆ ಪ್ಲಾಸ್ಟಿಕ್ ಹೊಂಡದಲ್ಲಿ ಈಜಿನ ವಿದ್ಯೆ ಹುಡುಗನನ್ನು ಅಂಚಿನವರೆಗೆ ತಂದು ಅಲ್ಲಿಯೇ ಕೈಬಿಡುತ್ತದೆ. ಈಜು ಬರುತ್ತದೆಂಬ ಧೈರ್ಯವೇ ಅವನನ್ನು ಅಲ್ಲಿಗಿಳಿಸಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಅಮೆರಿಕದ ವೈದ್ಯ ವಿಲಿಯಂ ಹ್ಯಾಡನ್ 1970ರಲ್ಲಿ ಅಪಾಯ ತಡೆಯುವ ಹತ್ತು ತಂತ್ರಗಳನ್ನು ಮಂಡಿಸಿದರು. ಜನ ಸದಾ ಎಚ್ಚರವಾಗಿರುತ್ತಾರೆಂದು ನಂಬಿ ಕೂರದೆ, ಅಪಾಯದ ಮೂಲವನ್ನೇ ಬದಲಿಸುವ, ಅದಕ್ಕೂ ಮನುಷ್ಯನಿಗೂ ನಡುವೆ ತಡೆ ಹಾಕುವ ದಾರಿಗಳು ಆ ಪಟ್ಟಿಯಲ್ಲಿ ಮುಖ್ಯವಾದವು. ಈಜುಕೊಳಗಳ ಬಗೆಗಿನ ಅಧ್ಯಯನಗಳು ಇದನ್ನು ಸಮರ್ಥಿಸುತ್ತವೆ: ನಾಲ್ಕೂ ಕಡೆ ಸುತ್ತುವರಿದ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲಿನ ಬೇಲಿ ಮಕ್ಕಳನ್ನು ಉಳಿಸುತ್ತದೆ, ಮನೆಯ ಕಡೆ ತೆರೆದಿಟ್ಟ ಬೇಲಿ ಅಷ್ಟು ಪ್ರಯೋಜನಕಾರಿಯಲ್ಲ. ಕೃಷಿ ಭಾಗ್ಯದ ಘಟಕಗಳಲ್ಲಿ ತಂತಿ ಬೇಲಿಯೂ ಸೇರಿರುವುದು ಒಳ್ಳೆಯ ಬೆಳವಣಿಗೆ. ಆದರೂ ಪೈಪು ಎಳೆಯಲೆಂದು ಒಂದು ಕಡೆ ಬಿಟ್ಟ ಬೇಲಿಯನ್ನು ಬೇಲಿ ಎನ್ನಲಾಗದು. ಮೂರು ವರ್ಷದ ಕೂಸನ್ನು ತಡೆಯುವ ಮುಳ್ಳುತಂತಿಯ ಕೆಳಗೆ ಹನ್ನೊಂದರ ಹುಡುಗ ಸಲೀಸಾಗಿ ನುಸುಳುತ್ತಾನೆ ಎಂಬುದೂ ನಿಜ. ಆದ್ದರಿಂದ ಬೇಲಿಯ ಜೊತೆಗೆ ಹೊಂಡದೊಳಗಿಂದ ಹೊರಬರುವ ದಾರಿ ಬೇಕೇ ಬೇಕು.

ಅದಕ್ಕೆ ದೊಡ್ಡ ಖರ್ಚಿಲ್ಲ. ದಂಡೆಯ ಮೇಲೆ ಗೂಟ ನೆಟ್ಟು, ಗಂಟು ಹಾಕಿದ ದಪ್ಪ ನೈಲಾನ್ ಹಗ್ಗವನ್ನು ನಾಲ್ಕೂ ಬದಿಯಲ್ಲಿ ತಳದವರೆಗೆ ಇಳಿಬಿಡಬಹುದು. ಹಳೆಯ ಟೈರುಗಳನ್ನು ಸಾಲಾಗಿ ಕಟ್ಟಿದರೆ ಏಣಿಯಾಗುತ್ತದೆ; ಹೊದಿಕೆಯೂ ಹರಿಯುವುದಿಲ್ಲ. ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ದಂಡೆಯಲ್ಲಿಟ್ಟರೆ, ನೀರಿಗಿಳಿಯದೆಯೇ ಎಸೆದು ಎಳೆಯಬಹುದು. ಮಕ್ಕಳಿಗೆ ಹೇಳಿಕೊಡಬೇಕಾದ ಮೊದಲ ಮಾತೂ ಅದೇ: ಗೆಳೆಯ ಮುಳುಗುತ್ತಿದ್ದರೆ ಹಾರಬೇಡ, ಎಸೆ, ಕೂಗು. ಮುಳುಗುವವನು ಸಾಮಾನ್ಯವಾಗಿ ಕೂಗಲಾರ; ಉಸಿರೆಳೆಯುವುದಕ್ಕೇ ಅವನ ಬಾಯಿ ಸಾಲದು.

ಮೇಲೆತ್ತಿದ ಮೇಲಿನ ನಿಮಿಷಗಳಲ್ಲೂ ಜೀವ ಹೋಗುತ್ತದೆ. ಮಗುವನ್ನು ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಇನ್ನೂ ನಡೆದಿದೆ. ಬಳ್ಳಾರಿ ಜಿಲ್ಲೆಯಲ್ಲಿ 2022ರಲ್ಲಿ, ಹಾವೇರಿ ಜಿಲ್ಲೆಯಲ್ಲಿ 2023ರಲ್ಲಿ, ಮುಳುಗಿ ಸತ್ತ ಬಾಲಕರ ದೇಹವನ್ನು ಜೀವ ಮರಳೀತೆಂದು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟ ಸುದ್ದಿ ವರದಿಯಾಯಿತು. ಮೊಬೈಲಿನಲ್ಲಿ ಹರಿದಾಡಿದ ಸಂದೇಶವನ್ನು ನಂಬಿ ಹಾಗೆ ಮಾಡಿದ ತಂದೆತಾಯಿಯನ್ನು ಹಳಿಯುವುದು ಸುಲಭ. ಸರಿಯಾದ ವಿಧಾನವನ್ನು ಅವರಿಗೆ ಮೊದಲೇ ಯಾರೂ ಕಲಿಸಿರಲಿಲ್ಲವೆಂಬುದೇ ಇಲ್ಲಿ ಮುಖ್ಯ. ಮುಳುಗಿದವರಲ್ಲಿ ಮೊದಲು ಕೊರತೆಯಾಗುವುದು ಆಮ್ಲಜನಕ. ಉಸಿರಾಟ ನಿಂತಿದ್ದರೆ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಜೊತೆಗೆ ಎದೆ ಒತ್ತಬೇಕು, 108ಕ್ಕೆ ಕರೆ ಮಾಡಬೇಕು. ಉಪ್ಪಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ.

ಕೃಷಿ ಇಲಾಖೆಗೆ ಈ ಲೇಖನದ ಒತ್ತಾಯ ಇಷ್ಟು: ನಾಲ್ಕೂ ಬದಿಗೆ ಗಂಟುಹಗ್ಗ ಇಳಿಬಿಟ್ಟು, ಸುತ್ತ ಪೂರ್ತಿ ಬೇಲಿ ಹಾಕಿ, ಬಾಗಿಲಿಗೆ ಬೀಗ ಬಿದ್ದದ್ದನ್ನು ಕಣ್ಣಾರೆ ನೋಡುವವರೆಗೆ ಯಾವ ಹೊಂಡಕ್ಕೂ ಸಹಾಯಧನದ ಕೊನೆಯ ಹಣ ಬಿಡುಗಡೆಯಾಗಬಾರದು, ಈಗಾಗಲೇ ತೋಡಿರುವ ಹೊಂಡಗಳಿಗೆ ಮುಂದಿನ ಬೇಸಿಗೆ ರಜೆಗೆ ಮುನ್ನ ಕನಿಷ್ಠ ಹಗ್ಗವನ್ನಾದರೂ ಕಟ್ಟಿಸಬೇಕು.